ಎಲ್ಲಾ ಮೆಥಡ್‌ಗೂ 'ಥ್ರೋಸ್ ಎಕ್ಸೆಪ್ಶನ್' ಹಾಕಬಹುದಾ?

ಜಾವಾದಲ್ಲಿ ಪ್ರತಿ ಮೆಥಡ್‌ಗೂ (ಒಂದು ಕೆಲಸ ಮಾಡುವ ಕೋಡ್ ತುಂಡು) 'ಥ್ರೋಸ್ ಎಕ್ಸೆಪ್ಶನ್', ಅಂದರೆ ಇಲ್ಲಿಂದ ಯಾವುದಾದರೂ ಎಕ್ಸೆಪ್ಶನ್ (ರನ್ ಆಗುವಾಗ ಬರುವ ತೊಂದರೆ) ಹೊರಬೀಳಬಹುದು ಅಂತ ಹಾಕಿಬಿಟ್ಟರೆ ಸಾಕಲ್ವಾ, ಸಿ ಪ್ಲಸ್ ಪ್ಲಸ್‌ನಲ್ಲಿ ಇಂಥ ಘೋಷಣೆ ಯಾಕಿಲ್ಲ ಅಂತ ಕೇಳಿದ್ದೀರಿ. ರನ್ ಆಗುವ ಮೊದಲೇ ಕೋಡ್ ತಪಾಸಣೆ ಮಾಡುವ ಕಂಪೈಲರ್ ಬಾಯಿ ಮುಚ್ಚುತ್ತದೆ, ನಿಜ. ಆದರೆ ಅದು ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡ್‌ನಲ್ಲಿ ನಿಂತ ಬಸ್ಸಿಗೆ ಬರೀ 'ಬಸ್' ಅಂತ ಬೋರ್ಡ್ ಹಾಕಿದ ಹಾಗೆ. ಉಡುಪಿಗಾ, ಕಾರ್ಕಳಕ್ಕಾ?

ಉಡುಪಿಯ ಒಂದು ಅಂಗಡಿಗೆ ಬಿಲ್ಲಿಂಗ್ ಪ್ರೋಗ್ರಾಂ ಬರೆದಾಗ ನಾನೂ ಇದನ್ನೇ ಮಾಡಿದ್ದೆ. ರೇಟ್ ಫೈಲ್ ಸಿಗದಿದ್ದರೂ, ರೇಟ್ ಇರಬೇಕಾದಲ್ಲಿ 'ಕೆಜಿ' ಅಂತ ಇದ್ದರೂ ಬರುತ್ತಿದ್ದದ್ದು ಒಂದೇ ಮೆಸೇಜ್: 'ಏನೋ ತಪ್ಪಾಗಿದೆ'. ಸಂಜೆ ಗಿರಾಕಿಗಳ ಎದುರು ಬೈಸಿಕೊಂಡೆ. ಆಮೇಲೆ 'ಥ್ರೋಸ್' ಮುಂದೆ 'ಫೈಲ್‌ನಾಟ್‌ಫೌಂಡ್‌ಎಕ್ಸೆಪ್ಶನ್' (ಫೈಲ್ ಸಿಗಲಿಲ್ಲ) ಅಂತ ಬಿಡಿಸಿ ಬರೆದೆ. ಕರೆಯುವ ಮೆಥಡ್ ಅದನ್ನು ಹಿಡಿದು 'ರೇಟ್ ಫೈಲ್ ಎಲ್ಲಿದೆ?' ಅಂತ ಕೇಳತೊಡಗಿತು. 'ಕೆಜಿ'ಯ ಕಥೆ ಬೇರೆ. ಅದು 'ನಂಬರ್‌ಫಾರ್ಮ್ಯಾಟ್‌ಎಕ್ಸೆಪ್ಶನ್', ರನ್‌ಟೈಮ್ ಜಾತಿಯದ್ದು. ಅದನ್ನು ಘೋಷಿಸಲೇಬೇಕು ಅಂತ ಜಾವಾ ಹೇಳುವುದಿಲ್ಲ, ನಾವೇ ನೆನಪಿಟ್ಟು ಹಿಡಿಯಬೇಕು.

ಸಿ ಪ್ಲಸ್ ಪ್ಲಸ್‌ನಲ್ಲಿ ಯಾಕಿಲ್ಲ ಅಂದಿರಲ್ಲ, ಅಲ್ಲೂ ಯಾವ್ಯಾವ ಎಕ್ಸೆಪ್ಶನ್ ಹೊರಬೀಳಬಹುದು ಅಂತ ಹೇಳುವ 'ಥ್ರೋ' ಪಟ್ಟಿ ಇತ್ತು. ಆದರೆ ತಪಾಸಣೆ ನಡೆಯುತ್ತಿದ್ದದ್ದು ರನ್ ಆಗುವಾಗ, ಹಾಗಾಗಿ ಉಪಯೋಗಕ್ಕಿಂತ ರಗಳೆ ಜಾಸ್ತಿ. 2011ರಲ್ಲಿ ಬಳಸಬೇಡಿ ಅಂದರು, 2017ರ ಆವೃತ್ತಿಯಲ್ಲಿ ತೆಗೆದೇಬಿಟ್ಟರು. ಈಗಿರುವುದು 'ನೋಎಕ್ಸೆಪ್ಟ್', ಅಂದರೆ ಇಲ್ಲಿಂದ ಯಾವ ಎಕ್ಸೆಪ್ಶನ್ನೂ ಹೊರಬೀಳುವುದಿಲ್ಲ ಅಂತ ಕೊಡುವ ಮಾತು. ಅದನ್ನು ಸುಮ್ನೆ ಹಾಕಬೇಡಿ, ಮಾತು ತಪ್ಪಿ ಎಕ್ಸೆಪ್ಶನ್ ಹೊರಬಿದ್ದರೆ ಪ್ರೋಗ್ರಾಂ ಅಲ್ಲೇ ನಿಂತುಹೋಗುತ್ತದೆ.