ಕಾಯಿನ್ ಹಿಡಿದಾಗ ಹಾಡಿನ ಒಂದು ದನಿ ಎಲ್ಲಿಗೆ ಹೋಯಿತು?

ವಿಡಿಯೋ ಗೇಮ್ ಸಂಗೀತದ ಬಗ್ಗೆ ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು "ಇದು ನಿಜವಾ?" ಅಂತಲೇ ಮುಗಿಯುತ್ತವೆ. ಕೆಲವು ನಿಜ. ಒಂದು ಶುದ್ಧ ಸುಳ್ಳು. ಇನ್ನು ಕೆಲವದರ ಹಿಂದಿನ ಕತೆ ನೀವು ಕೇಳಿದ್ದಕ್ಕಿಂತ ವಿಚಿತ್ರವಾಗಿದೆ.

ಪ್ರಶ್ನೆ: ಹಳೆಯ ಸೂಪರ್ ಮಾರಿಯೋ ಆಡುವಾಗ ಜಿಗಿದರೆ ಅಥವಾ ಕಾಯಿನ್ ಹಿಡಿದರೆ ಹಿನ್ನೆಲೆಯ ಹಾಡು ಒಂದು ಕ್ಷಣ ಬಡವಾದ ಹಾಗೆ ಕೇಳಿಸುತ್ತದೆ. ತೊಂದರೆ ನನ್ನ ಕಿವಿಯದ್ದು ಅಂತ ಅಣ್ಣ ನಗುತ್ತಾನೆ. ಯಾರು ಸರಿ?

ನೀವೇ ಸರಿ. ನಿಮ್ಮ ಕಿವಿ ಚೆನ್ನಾಗಿದೆ, ಅಣ್ಣನದ್ದನ್ನು ಒಮ್ಮೆ ತೋರಿಸಿ.

ಆ ಮಾರಿಯೋ ಓಡುತ್ತಿದ್ದದ್ದು ನಿಂಟೆಂಡೊ ಕಂಪನಿಯ ಗೇಮ್ ಯಂತ್ರದಲ್ಲಿ. 1983ರಲ್ಲಿ ಜಪಾನಿನಲ್ಲಿ ಬಂದ ಈ ಫ್ಯಾಮಿಕಾಮ್ ಯಂತ್ರಕ್ಕೆ ಒಟ್ಟು ಐದೇ ದನಿಗಳು. ಇದನ್ನೇ ಆಮೇಲೆ ಬೇರೆ ದೇಶಗಳಲ್ಲಿ ಎನ್‌ಇಎಸ್ ಅಂತ ಮಾರಿದರು. ಎರಡು ಪಲ್ಸ್ ಚಾನೆಲ್, ಇವು ಪೀಪಿಯ ಹಾಗೆ ಕೇಳಿಸುತ್ತವೆ. ಒಂದು ಟ್ರಯಾಂಗಲ್ ಚಾನೆಲ್, ಇದು ಬೇಸ್‌ಗೆ. ಇದರ ವಾಲ್ಯೂಮ್ ಏರಿಸುವ ಇಳಿಸುವ ವ್ಯವಸ್ಥೆಯೇ ಇಲ್ಲ, ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ತಾಳಕ್ಕೆ 'ಶ್ಶ್' ಅನ್ನುವ ನಾಯ್ಸ್ ಚಾನೆಲ್ ಒಂದು. ಐದನೆಯದು ರೆಕಾರ್ಡ್ ಮಾಡಿದ ಪುಟ್ಟ ತುಣುಕುಗಳನ್ನು ಗರಗರ ಅಂತ ನುಡಿಸುವ ಚಾನೆಲ್. ಒಂದೊಂದು ಚಾನೆಲ್‌ಗೆ ಒಂದು ಹೊತ್ತಿಗೆ ಒಂದೇ ಸದ್ದು.

ಹಾಡಿಗೆ ಐದು, ಆಟದ ಸದ್ದಿಗೆ ಬೇರೆ ಐದು ಅಂತೇನಿಲ್ಲ. ಎರಡೂ ಅದೇ ಐದನ್ನೇ ಹಂಚಿಕೊಳ್ಳಬೇಕು. ಮಾರಿಯೋ ಜಿಗಿದಾಗ ಆ 'ಬೊಯ್ಂಗ್' ಸದ್ದು ಒಂದು ಪಲ್ಸ್ ಚಾನೆಲನ್ನು ಕಿತ್ತುಕೊಳ್ಳುತ್ತದೆ. ಅಷ್ಟು ಹೊತ್ತು ಹಾಡಿನ ಎರಡು ಎಳೆಗಳಲ್ಲಿ ಒಂದು ಬಾಯಿ ಮುಚ್ಚಿಕೊಂಡಿರುತ್ತದೆ. ನೀವೇ ನೋಡಬಹುದು: ಮೊದಲ ಲೆವೆಲ್ ಶುರುವಾದ ಜಾಗದಲ್ಲೇ ಸುಮ್ನೆ ನಿಂತು ಹಾಡನ್ನು ಒಂದು ಸುತ್ತು ಕೇಳಿ. ಆಮೇಲೆ ನಿಂತಲ್ಲೇ ಪದೇ ಪದೇ ಜಿಗಿಯಿರಿ. ಜಿಗಿದಾಗಲೆಲ್ಲ ಹಾಡಿನ ಮೈಯಿಂದ ಒಂದು ತುಂಡು ಕಚ್ಚಿದ ಹಾಗೆ ಆಗುತ್ತದೆ. ಟೈಮರ್ 100ಕ್ಕೆ ಇಳಿಯುವ ಮೊದಲು ಇದನ್ನು ಮುಗಿಸಿಕೊಳ್ಳಿ, ಆಮೇಲೆ ಹಾಡೇ ಓಡಲು ಶುರುಮಾಡುತ್ತದೆ.

1985ರ ಆ ಆಟಕ್ಕೆ ಸಂಗೀತ ಕೊಟ್ಟವರು ಕೋಜಿ ಕೊಂಡೊ. ಇಷ್ಟೆಲ್ಲ ಕಚ್ಚಿಸಿಕೊಂಡರೂ ಹಾಡು ಕುಂಟುವುದಿಲ್ಲ. ಅವರ ಕೈಚಳಕ ಇರುವುದು ಅಲ್ಲೇ.

ದನಿ ಕಡಿಮೆ ಇದ್ದವರು ಇನ್ನೂ ಒಂದು ಉಪಾಯ ಕಂಡುಕೊಂಡಿದ್ದರು. 1982ರ ಕಮೊಡೋರ್ 64 ಕಂಪ್ಯೂಟರಿನ ಸಿಡ್ ಚಿಪ್‌ಗೆ ಇದ್ದದ್ದು ಮೂರೇ ದನಿ. ಮೂರು ಸ್ವರಗಳ ಕಾರ್ಡ್ ಒಂದು ನುಡಿಸಿದರೆ ಖಾತೆ ಖಾಲಿ. ಹಾಗಾಗಿ ಒಂದೇ ಚಾನೆಲ್‌ನಲ್ಲಿ ಆ ಮೂರು ಸ್ವರಗಳನ್ನು ಒಂದರ ಹಿಂದೆ ಒಂದು, ಸೆಕೆಂಡಿಗೆ ಹತ್ತಾರು ಸಲ ಬದಲಾಗುವ ವೇಗದಲ್ಲಿ, ಸುತ್ತಿಸುತ್ತಿದ್ದರು. ಉರಿಯುವ ಕೊಳ್ಳಿಯನ್ನು ಜೋರಾಗಿ ತಿರುಗಿಸಿದರೆ ಬೆಂಕಿಯ ಚಕ್ರ ಕಾಣುತ್ತದಲ್ಲ, ಕಿವಿಗೂ ಅದೇ ಮೋಸ. ಮಿನುಗುವ, ಬುಳುಬುಳು ಅನ್ನುವ ಆ ಸದ್ದನ್ನು ಈಗಿನವರು 'ರೆಟ್ರೋ' ಅಂತ ಬೇಕೆಂದೇ ತರಿಸಿಕೊಳ್ಳುತ್ತಾರೆ. ಆಗ ಅದು ಬೇರೆ ದಾರಿ ಇಲ್ಲದೆ ಮಾಡಿದ್ದು.

ಫ್ಯಾಮಿಕಾಮ್‌ನದ್ದೇ ಆಟ ಕ್ಯಾಸಲ್‌ವೇನಿಯಾ ಮೂರನೇ ಭಾಗದ್ದು ಇನ್ನೊಂದು ಕತೆ. 1989ರ ಜಪಾನೀ ಕ್ಯಾಟ್ರಿಜ್‌ನೊಳಗೆ, ಅಂದರೆ ಯಂತ್ರಕ್ಕೆ ತೂರಿಸುವ ಆಟದ ಡಬ್ಬಿಯೊಳಗೆ, ವಿಆರ್‌ಸಿ6 ಅನ್ನುವ ಚಿಪ್ ಇತ್ತು. ಅದು ಹಾಡಿಗೆ ಇನ್ನೂ ಮೂರು ದನಿ ಸೇರಿಸುತ್ತಿತ್ತು. ಫ್ಯಾಮಿಕಾಮ್‌ನಲ್ಲಿ ಕ್ಯಾಟ್ರಿಜ್‌ನ ಸದ್ದು ಯಂತ್ರದ ಸದ್ದಿನ ಜೊತೆ ಬೆರೆಯಲು ದಾರಿ ಇತ್ತು, ಎನ್‌ಇಎಸ್‌ನ ಕ್ಯಾಟ್ರಿಜ್ ಸ್ಲಾಟಿನಲ್ಲಿ ಆ ದಾರಿ ಇರಲಿಲ್ಲ. ಅಮೆರಿಕದ ಆವೃತ್ತಿಗೆ ಎಂಟು ದನಿಯ ಸಂಗೀತವನ್ನು ಮತ್ತೆ ಐದಕ್ಕೆ ಇಳಿಸಬೇಕಾಯಿತು. ಎರಡನ್ನೂ ಒಂದರ ಪಕ್ಕ ಒಂದು ಇಟ್ಟು ಕೇಳಿ, ಒಂದೇ ಮನೆಯ ಸಾಮಾನೆಲ್ಲ ಖಾಲಿ ಮಾಡಿದ ಹಾಗಿರುತ್ತದೆ.

ಈ ಕತೆಗೆ ಒಂದು ಬಾಲ ಇದೆ. ಮುಂದೆ 1990ರಲ್ಲಿ ಬಂದ ಸೂಪರ್ ಫ್ಯಾಮಿಕಾಮ್‌ನ ಸೌಂಡ್ ಚಿಪ್ ಅನ್ನು ವಿನ್ಯಾಸ ಮಾಡಿದ್ದು ನಿಂಟೆಂಡೊ ಅಲ್ಲ, ಸೋನಿಯ ಎಂಜಿನಿಯರ್ ಕೆನ್ ಕುಟರಾಗಿ. ಅದೇ ಮನುಷ್ಯ ಮುಂದೆ ಪ್ಲೇಸ್ಟೇಷನ್ ಕಟ್ಟಿ ನಿಂಟೆಂಡೊಗೇ ಸವಾಲಾದರು. ಆ ಚಿಪ್‌ಗೆ ಎಂಟು ದನಿ, ಆದರೆ ನೆನಪು 64 ಕಿಲೋಬೈಟ್ ಮಾತ್ರ. ವಾದ್ಯಗಳ ಸದ್ದು, ಸ್ವರಗಳ ಪಟ್ಟಿ, ಅದನ್ನು ನುಡಿಸುವ ಪ್ರೋಗ್ರಾಂ, ಎಲ್ಲ ಅಷ್ಟರೊಳಗೇ. 1994ರ ಡಾಂಕಿ ಕಾಂಗ್ ಕಂಟ್ರಿಯಲ್ಲಿ ನೀರಿನ ಲೆವೆಲ್‌ಗೆ ಡೇವಿಡ್ ವೈಸ್ ಕೊಟ್ಟ ಸಂಗೀತ ಆ ಜಾಗದಲ್ಲಿ ಹೇಗೆ ಹಿಡಿಸಿತು ಅನ್ನುವುದು ನನಗೆ ಈಗಲೂ ಬೆರಗು.

ಪ್ರಶ್ನೆ: ಸ್ಪೇಸ್ ಇನ್‌ವೇಡರ್ಸ್‌ನ ಆ 'ಢುಂ ಢುಂ' ಸದ್ದನ್ನು ಸಂಗೀತ ಅನ್ನಬಹುದಾ? ನಾಲ್ಕು ಸ್ವರ ಅಷ್ಟೇ ತಾನೇ?

ನಾಲ್ಕೇ. ಕೆಳಗಿಳಿಯುವ ನಾಲ್ಕು ಮಂದ್ರ ಸ್ವರಗಳು, ಸುತ್ತಿ ಸುತ್ತಿ. ಆದರೂ ನಾನು ಧಾರಾಳವಾಗಿ ಸಂಗೀತ ಅನ್ನುತ್ತೇನೆ. ಏಕೆಂದರೆ ಅದು ಆಟಗಾರ ಏನು ಮಾಡುತ್ತಿದ್ದಾನೆ ಅಂತ ನೋಡಿಕೊಂಡು ಬದಲಾಗುತ್ತದೆ.

1978ರಲ್ಲಿ ತೊಮೊಹಿರೊ ನಿಶಿಕಾಡೊ ಈ ಆಟ ಮಾಡಿದಾಗ ಪರದೆಯ ಮೇಲೆ 55 ಏಲಿಯನ್‌ಗಳು. ಅಷ್ಟನ್ನೂ ಚಲಿಸಲು ಪ್ರೊಸೆಸರ್ ಏದುಸಿರು ಬಿಡುತ್ತಿತ್ತು. ನೀವು ಹೊಡೆದು ಕೆಡವಿದಂತೆಲ್ಲ ಕೆಲಸ ಕಡಿಮೆಯಾಗಿ, ಉಳಿದವು ಚುರುಕಾಗಿ ಓಡುತ್ತಿದ್ದವು. ಇದು ಯಂತ್ರದ ದೌರ್ಬಲ್ಯ. ನಿಶಿಕಾಡೊ ಅದನ್ನು ಸರಿಮಾಡಲು ಹೋಗಲಿಲ್ಲ, ಆಟ ರೋಚಕವಾಗುತ್ತದೆ ಅಂತ ಹಾಗೇ ಉಳಿಸಿಕೊಂಡರು. ಏಲಿಯನ್ ಕಡಿಮೆಯಾದಷ್ಟೂ ಸದ್ದಿನ ನಡೆಯೂ ಚುರುಕಾಗುತ್ತದೆ. ಕೊನೆಯ ಒಂದು ಉಳಿದಾಗ ಕೈ ಬೆವರುವುದು ಸುಮ್ನೆ ಅಲ್ಲ.

ಸಿನಿಮಾಗೆ ಸಂಗೀತ ಮಾಡುವವರಿಗೆ ಒಂದು ಅನುಕೂಲ ಇದೆ, ದೃಶ್ಯ ಎಷ್ಟು ನಿಮಿಷ ಅಂತ ಮೊದಲೇ ಗೊತ್ತು. ಗೇಮ್‌ನಲ್ಲಿ ಅದಿಲ್ಲ. ಆಟಗಾರ ಬಾಗಿಲಿನ ಹತ್ತಿರ ಹತ್ತು ಸೆಕೆಂಡ್ ನಿಲ್ಲಬಹುದು, ಚಹಾ ಕುಡಿದು ಬರಬಹುದು. 1991ರ ಮಂಕಿ ಐಲ್ಯಾಂಡ್ ಎರಡನೇ ಭಾಗಕ್ಕೆ ಮೈಕಲ್ ಲ್ಯಾಂಡ್ ಮತ್ತು ಪೀಟರ್ ಮೆಕಾನೆಲ್ ಐಮ್ಯೂಸ್ ಅನ್ನುವ ವ್ಯವಸ್ಥೆ ಕಟ್ಟಿದ್ದು ಈ ತೊಂದರೆಗೇ. ಅದರಲ್ಲಿ ವುಡ್‌ಟಿಕ್ ಅನ್ನುವ ಊರಿದೆ. ಒಂದು ಅಂಗಡಿಯಿಂದ ಹೊರಬಂದು ಇನ್ನೊಂದಕ್ಕೆ ನುಗ್ಗಿದರೆ ಹಾಡು ಕಡಿದು ಬೀಳುವುದಿಲ್ಲ. ಸರಿಯಾದ ತಾಳಕ್ಕೆ ಕಾದು, ಒಂದು ಸಣ್ಣ ಸೇತುವೆ ನುಡಿಸಿ, ಬೇರೆ ವಾದ್ಯಕ್ಕೆ ಜಾರುತ್ತದೆ. ಬಹಳ ಜನ ಆಟ ಮುಗಿಸಿದರೂ ಇದನ್ನು ಗಮನಿಸಿಲ್ಲ. ಗಮನಕ್ಕೆ ಬಾರದಿದ್ದರೆ ಕೆಲಸ ಚೆನ್ನಾಗಿ ಆಗಿದೆ ಅಂತಲೇ ಲೆಕ್ಕ.

2010ರ ರೆಡ್ ಡೆಡ್ ರಿಡೆಂಪ್ಷನ್‌ನಲ್ಲಿ ಬಿಲ್ ಎಲ್ಮ್, ವುಡಿ ಜಾಕ್ಸನ್ ಇನ್ನೂ ಸರಳವಾದ ದಾರಿ ಹಿಡಿದರು. ಹೆಚ್ಚುಕಡಿಮೆ ಎಲ್ಲ ಸಂಗೀತವೂ ಒಂದೇ ಶ್ರುತಿಯಲ್ಲಿ, ಎ ಮೈನರ್‌ನಲ್ಲಿ. ವೇಗವೂ ಒಂದೇ, ನಿಮಿಷಕ್ಕೆ 130 ಬೀಟ್. ಹಾಗಾಗಿ ಯಾವ ತುಣುಕಿನ ಮೇಲೆ ಯಾವುದನ್ನು ಹೇರಿದರೂ ಹೊಂದುತ್ತದೆ. ನಡೆಯುತ್ತಿದ್ದವನು ಕುದುರೆ ಹತ್ತಿದರೆ ಬೇಸ್ ಬಂದು ಸೇರಿಕೊಳ್ಳುತ್ತದೆ, ಅಷ್ಟೇ.

ಸೂಪರ್ ಮಾರಿಯೋ ವರ್ಲ್ಡ್‌ನಲ್ಲಿ ಡೈನೋಸಾರ್ ಯೋಶಿಯ ಬೆನ್ನೇರಿದ ತಕ್ಷಣ ಹಾಡಿಗೆ ಬೊಂಗೊ ಸೇರುತ್ತದೆ, ಇಳಿದರೆ ನಿಲ್ಲುತ್ತದೆ. 1990ರಲ್ಲೇ. ಗೊತ್ತಿಲ್ಲದವರು ಹತ್ತಿ ಇಳಿದು ನೋಡಿ.

ಪ್ರಶ್ನೆ: ಪೋಕೆಮಾನ್ ಆಟದಲ್ಲಿ ಬರುವ ಲ್ಯಾವೆಂಡರ್ ಟೌನ್ ಅನ್ನುವ ಊರಿನ ಸಂಗೀತ ಕೇಳಿ ಜಪಾನಿನಲ್ಲಿ ಮಕ್ಕಳು ಸತ್ತರಂತೆ. ನಿಜವಾ? ಮಗಳು ಅದೇ ಆಟ ಆಡುತ್ತಾಳೆ, ಭಯವಾಗಿದೆ.

ಸುಳ್ಳು. ಮಗಳು ಆರಾಮಾಗಿ ಆಡಲಿ.

ಇದು ಇಂಟರ್ನೆಟ್‌ನಲ್ಲಿ ಹುಟ್ಟಿದ ದೆವ್ವದ ಕತೆ. ಬೇರೊಂದು ನಿಜ ಘಟನೆ ಇದಕ್ಕೆ ಗೊಬ್ಬರ ಹಾಕಿರಬೇಕು ಅಂತ ನನ್ನ ಊಹೆ. 1997ರ ಡಿಸೆಂಬರ್‌ನಲ್ಲಿ ಪೋಕೆಮಾನ್ ಟಿವಿ ಧಾರಾವಾಹಿಯ ಒಂದು ಕಂತು ನೋಡಿ 600ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದ್ದರು, ಬಹುತೇಕ ಮಕ್ಕಳೇ. ಕಾರಣ ಪರದೆಯ ಮೇಲೆ ಪಟಪಟನೆ ಮಿನುಗಿದ ಕೆಂಪು ನೀಲಿ ಬೆಳಕು. ಸಂಗೀತಕ್ಕೂ ಅದಕ್ಕೂ ಸಂಬಂಧ ಇಲ್ಲ, ಆಟಕ್ಕೂ ಇಲ್ಲ.

ಆದರೆ ಜುನಿಚಿ ಮಸುದಾ ಮಾಡಿದ ಆ ಟ್ಯೂನ್ ಮೈ ಜುಂ ಅನಿಸುವುದು ನಿಜ, ಅದಕ್ಕೆ ಕಾರಣವೂ ಇದೆ. ಶುರುವಿನಲ್ಲಿ ತಾರದಲ್ಲಿ ನಾಲ್ಕು ಸ್ವರ ಮತ್ತೆ ಮತ್ತೆ ಬರುತ್ತದೆ. ಮೊದಲನೆಯದನ್ನು ಷಡ್ಜ ಅಂದುಕೊಳ್ಳಿ. ಆಮೇಲೆ ಪಂಚಮ, ಕಾಕಲಿ ನಿಷಾದ, ಕೊನೆಗೆ ಪ್ರತಿ ಮಧ್ಯಮ. ಹಾಡಿಕೊಂಡು ನೋಡಿ: ಸ, ಪ, ನಿ, ಮ. ಕಿವಿ ಪಂಚಮಕ್ಕೋ ಷಡ್ಜಕ್ಕೋ ಮರಳಬೇಕು ಅನ್ನುತ್ತದೆ, ಟ್ಯೂನ್ ಆ ಪ್ರತಿ ಮಧ್ಯಮದ ಮೇಲೆ ಕಾಲಿಟ್ಟು ಮತ್ತೆ ಮೊದಲಿಗೆ ಹಾರುತ್ತದೆ. ಕೂರಲು ಕುರ್ಚಿ ತೋರಿಸಿ ಎಳೆದುಕೊಂಡ ಹಾಗೆ. ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಯಂತ್ರದ ಪುಟ್ಟ ಸ್ಪೀಕರ್‌ನಲ್ಲಿ ಅದು ಇನ್ನಷ್ಟು ಚುಚ್ಚುತ್ತದೆ.

ಪ್ರಶ್ನೆ: ಟೆಟ್ರಿಸ್ ಟ್ಯೂನ್ ಯಾರದ್ದು?

ಯಾರೋ ಒಬ್ಬರದ್ದಲ್ಲ. 1989ರ ಗೇಮ್ ಬಾಯ್ ಟೆಟ್ರಿಸ್‌ನಲ್ಲಿ ಆರಿಸಿಕೊಳ್ಳಲು 'ಎ', 'ಬಿ', 'ಸಿ' ಅಂತ ಮೂರು ಟ್ಯೂನ್. 'ಎ' ಟ್ಯೂನ್ 'ಕೊರೊಬೈನಿಕಿ' ಅನ್ನುವ ರಷ್ಯನ್ ಜನಪದ ಹಾಡು. ಹಾಡಿನ ಮಾತು ನೆಕ್ರಾಸೊವ್ ಕವಿಯ 1861ರ ಪದ್ಯದ್ದು, ತಿರುಗಾಡಿ ವ್ಯಾಪಾರ ಮಾಡುವವನ ಕತೆ. ಮೊಟ್ಟಮೊದಲು ಮಾರಾಟವಾದ ಕ್ಯಾಟ್ರಿಜ್‌ಗಳಲ್ಲಿ ಈ ಹಾಡಿರಲಿಲ್ಲ, 'ಎ' ಜಾಗದಲ್ಲಿ ಬೇರೊಂದು ಟ್ಯೂನ್ ಇತ್ತು. 'ಸಿ' ಬಾಖ್‌ನದ್ದು. 'ಬಿ' ಮಾತ್ರ ನಿಂಟೆಂಡೊದ ಹಿರೊಕಾಜು ತನಾಕಾ ಅವರ ಸ್ವಂತದ್ದು, ಪಾಪ, ಅದನ್ನು ಕೇಳುವವರು ಕಡಿಮೆ.

ಹಳೆಯ ಹಾಡು ಎರವಲು ತರುವುದು ಯಾವಾಗಲೂ ಸಲೀಸಲ್ಲ. 1986ರ ಮೊದಲ ಝೆಲ್ಡಾ ಆಟಕ್ಕೆ ಕೊಂಡೊ ಅವರು ರಾವೆಲ್‌ನ 'ಬೊಲೆರೊ' ಹಾಕಲು ಹೊರಟಿದ್ದರು. ಕಾಪಿರೈಟ್ ಇನ್ನೂ ಮುಗಿದಿಲ್ಲ ಅಂತ ಕೊನೆ ಗಳಿಗೆಯಲ್ಲಿ ತಿಳಿಯಿತು. ಅವಸರದಲ್ಲಿ ಅವರು ಕೂರಿಸಿದ್ದೇ ಈಗ ಎಲ್ಲರ ಬಾಯಲ್ಲಿರುವ ಝೆಲ್ಡಾ ಥೀಮ್.

ಪ್ರಶ್ನೆ: ಗೇಮ್ ಸಂಗೀತಕ್ಕೆ ಗ್ರ್ಯಾಮಿ ಬಂದಿದೆಯಾ?

ಬಂದಿದೆ. ಸಿವಿಲೈಸೇಷನ್ ನಾಲ್ಕನೇ ಭಾಗದ 'ಬಾಬಾ ಯೆಟು', ಸಂಯೋಜಕ ಕ್ರಿಸ್ಟೋಫರ್ ಟಿನ್, 2011ರಲ್ಲಿ. ಗ್ರ್ಯಾಮಿ ಗೆದ್ದ ಮೊದಲ ಗೇಮ್ ಹಾಡು ಅದೇ, ಹಾಡಿರುವುದು ಸ್ವಾಹಿಲಿಯಲ್ಲಿ. ಗೇಮ್‌ಗಳಿಗೆಂದೇ ಬೇರೆ ವಿಭಾಗದ ಪ್ರಶಸ್ತಿ ಶುರುವಾಗಿದ್ದು 2023ರಲ್ಲಿ. ಅದೇ ವರ್ಷ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಮಾರಿಯೋ ಹಾಡನ್ನು ಸೇರಿಸಿತು. ಹೌದು, ಜಿಗಿದಾಗ ತುಂಡಾಗುವ ಅದೇ ಹಾಡು.

ಪ್ರಶ್ನೆ: ಆಟಗಳಲ್ಲಿ ಬೇಕೆಂದೇ ಬಚ್ಚಿಟ್ಟ ಸಂಗೀತ ಇರುತ್ತದಂತೆ. ಹುಡುಕುವುದು ಹೇಗೆ?

ಮೊದಲಿಗೆ ಏನೂ ಮಾಡದೆ ಕೂತಿರುವ ತಾಳ್ಮೆ ಬೇಕು. ನಿಂಟೆಂಡೊದ ಕಜುಮಿ ತೊಟಕಾ ತಮ್ಮದೇ 19 ಸ್ವರಗಳ ಒಂದು ಪುಟ್ಟ ಹಾಡನ್ನು ತಾವು ಕೆಲಸ ಮಾಡಿದ ಎಷ್ಟೋ ಆಟಗಳಲ್ಲಿ ಬಚ್ಚಿಟ್ಟಿದ್ದಾರೆ. ಮಾರಿಯೋ ಪೇಂಟ್‌ನಲ್ಲಿ ಶುರುವಿನ ಪರದೆಯ ಮೇಲೆ ಬರುವ ಆಟದ ಹೆಸರಿನ 'ಒ' (O) ಅಕ್ಷರ ಒತ್ತಿದರೆ ಸಾಕು. ಲೂಯಿಜಿಸ್ ಮ್ಯಾನ್ಷನ್‌ನಲ್ಲಿ ಬಟನ್‌ಗಳನ್ನು ವಿವರಿಸುವ ಪರದೆಯಲ್ಲಿ ಮೂರು ನಿಮಿಷಕ್ಕಿಂತ ಜಾಸ್ತಿ ಕಾಯಬೇಕು. ಅನಿಮಲ್ ಕ್ರಾಸಿಂಗ್‌ನಲ್ಲಿ ಗಿಟಾರ್ ಹಿಡಿದು ಹಾಡುವ ನಾಯಿ ಇದೆಯಲ್ಲ, ಜಪಾನಿನಲ್ಲಿ ಅದರ ಹೆಸರೇ ತೊಟಕೆಕೆ.

2016ರ ಡೂಮ್‌ಗೆ ಕಿವಿ ಸಾಲದು, ಕಣ್ಣು ಬೇಕು. ಮಿಕ್ ಗಾರ್ಡನ್ ಮಾಡಿದ 'ಸೈಬರ್‌ಡೀಮನ್' ಟ್ರ್ಯಾಕನ್ನು ಆಡಿಯೋ ಎಡಿಟರ್‌ನಲ್ಲಿ ಸ್ಪೆಕ್ಟ್ರೋಗ್ರಾಮ್ ಆಗಿ, ಅಂದರೆ ಸದ್ದಿನ ಚಿತ್ರವಾಗಿ, ತೆರೆದರೆ, ಗದ್ದಲದ ಮಧ್ಯೆ ನಕ್ಷತ್ರದ ಚಿಹ್ನೆ ಮತ್ತು 666 ಬರೆದಿರುವುದು ಕಾಣುತ್ತದೆ. 2011ರ ಝೆಲ್ಡಾ ಆಟ ಸ್ಕೈವರ್ಡ್ ಸ್ವೋರ್ಡ್‌ನ ಮುಖ್ಯ ಹಾಡನ್ನು ಹಿಂದುಮುಂದಾಗಿ ನುಡಿಸಿ, ಝೆಲ್ಡಾಳ ಹಳೆಯ ಜೋಗುಳ ಕೇಳಿಸುತ್ತದೆ.

ಇನ್ನು ಹಳೆಯ ಪ್ಲೇಸ್ಟೇಷನ್ ಡಿಸ್ಕ್ ಇದ್ದರೆ ಮ್ಯೂಸಿಕ್ ಸಿಡಿ ಪ್ಲೇಯರ್‌ಗೆ ಹಾಕಿ ನೋಡಿ. 1997ರ ಸಿಂಫನಿ ಆಫ್ ದಿ ನೈಟ್ ಹಾಕಿದರೆ ಕಥಾನಾಯಕ ಅಲುಕಾರ್ಡ್ ತಾನೇ ಮಾತಾಡಿ, ಇದನ್ನು ಹೀಗೆ ಕೇಳುವುದಲ್ಲ ಅಂತ ಗದರುತ್ತಾನೆ. ಒಂದು ಎಚ್ಚರ: ಇಂಥ ಡಿಸ್ಕ್‌ಗಳ ಮೊದಲ ಟ್ರ್ಯಾಕ್ ಹಾಡಲ್ಲ, ಆಟದ ಡೇಟಾ. ಹಳೆಯ ಪ್ಲೇಯರ್‌ಗಳಲ್ಲಿ ಅದು ಕರ್ಕಶವಾಗಿ ಕಿರುಚಿ ಸ್ಪೀಕರ್ ಹಾಳುಮಾಡಬಹುದು. ವಾಲ್ಯೂಮ್ ಪೂರ್ತಿ ಇಳಿಸಿ, ಎರಡನೇ ಟ್ರ್ಯಾಕ್‌ಗೆ ಹಾರಿ, ಆಮೇಲೆ ನಿಧಾನಕ್ಕೆ ಏರಿಸಿ.