ಲೆಕ್ಕ ಎಲ್ಲಿ ತಪ್ಪಿತು? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಕಲಬುರಗಿಯಿಂದ ಬೀದರಿಗೆ 110 ಕಿ.ಮೀ. ಎಂದುಕೊಳ್ಳಿ. ಬಸ್ಸಿನ ಸರಾಸರಿ ಜವ ಗಂಟೆಗೆ 11 ಕಿ.ಮೀ. ಹೆಚ್ಚಿದ್ದರೆ ಅರ್ಧ ಗಂಟೆ ಮೊದಲೇ ಮುಟ್ಟುತ್ತಿತ್ತು. ಮೂಲ ಜವ ಎಷ್ಟು? ನಾನು 110/ಜ − 110/(ಜ+11) = 30 ಎಂದು ಬರೆದೆ. ವರ್ಗಮೂಲ ಬಿಡಿಸಲು ಬರುತ್ತಿಲ್ಲ ಸರ್.
— 10ನೇ ತರಗತಿ ವಿದ್ಯಾರ್ಥಿನಿ, ಹುಮನಾಬಾದ

ಉತ್ತರ: ಸಮೀಕರಣದ ಎಡಭಾಗ ಸರಿಯಿದೆ. ಕಡಿಮೆ ಜವಕ್ಕೆ ಹೆಚ್ಚು ಹೊತ್ತು, ಆದ್ದರಿಂದ 110/ಜ ಮೊದಲು ಬರಬೇಕು. ಅದನ್ನು ನೀವು ಹಿಂದುಮುಂದು ಮಾಡಿಲ್ಲ. ತಪ್ಪಿದ್ದು ಬಲಗಡೆಯ 30. ಜವ ಗಂಟೆಯ ಲೆಕ್ಕದಲ್ಲಿದೆ, ನೀವು ಹಾಕಿದ್ದು ನಿಮಿಷ. ಅಲ್ಲಿ 1/2 ಇರಬೇಕು.

ಈಗ ಛೇದ ಸಮ ಮಾಡಿದರೆ ಅಂಶದಲ್ಲಿ 110(ಜ+11) − 110ಜ ಬರುತ್ತದೆ. ಆವರಣ ಬಿಡಿಸುವಾಗ 110ರಿಂದ 11ನ್ನೂ ಗುಣಿಸಬೇಕು. ಗುಣಿಸದೆ ಬರೀ 11 ಉಳಿಸಿಕೊಳ್ಳುವವರು ಬಹಳ. 110ಜ ಹೊಡೆದುಹೋಗಿ 1210 ಉಳಿಯುತ್ತದೆ. ಅಡ್ಡ ಗುಣಾಕಾರ ಮಾಡಿದರೆ ಜ(ಜ+11) = 2420, ಅಂದರೆ ಜ² + 11ಜ − 2420 = 0.

ಸೂತ್ರಕ್ಕೆ ಕೈಹಾಕುವ ಮೊದಲು ಅಪವರ್ತನ ನೋಡಿ. ಗುಣಲಬ್ಧ 2420, ವ್ಯತ್ಯಾಸ 11 ಇರುವ ಎರಡು ಸಂಖ್ಯೆ ಬೇಕು. 2420 = 2 × 2 × 5 × 11 × 11. ಎರಡೂ 11 ಒಂದೇ ಕಡೆ ಹೋದರೆ 121 ಮತ್ತು 20 ಸಿಕ್ಕು ವ್ಯತ್ಯಾಸ 101 ಆಗುತ್ತದೆ. ಒಂದೊಂದು ಕಡೆ ಒಂದೊಂದು ಹಂಚಿದರೆ 55 ಮತ್ತು 44. ಆದ್ದರಿಂದ (ಜ+55)(ಜ−44) = 0; ಜ = 44 ಅಥವಾ −55. ಜವ ಋಣ ಆಗದು ಎಂದು ಒಂದು ಸಾಲು ಬರೆದೇ −55ನ್ನು ಬಿಡಿ, ಸುಮ್ಮನೆ ಗೀಟು ಎಳೆಯಬೇಡಿ. ತಾಳೆ: 110/44 ಎರಡೂವರೆ ಗಂಟೆ, 110/55 ಎರಡು ಗಂಟೆ. ಬಿಟ್ಟ ಮೂಲದಲ್ಲೂ ಹೆಚ್ಚಿಸಿದ ಜವದ 55 ಕಾಣಿಸಿದ್ದು ಆಕಸ್ಮಿಕವಲ್ಲ. ಎರಡು ಮೂಲಗಳ ಮೊತ್ತ −11 ಆಗಲೇಬೇಕು.

ಪ್ರಶ್ನೆ: ಎಬಿಸಿ ತ್ರಿಭುಜದಲ್ಲಿ ಎಬಿ ಮೇಲೆ ಡಿ, ಎಸಿ ಮೇಲೆ ಇ ಬಿಂದುಗಳಿವೆ. ಡಿಇ ರೇಖೆ ಬಿಸಿಗೆ ಸಮಾನಾಂತರ. ಎಡಿ 4, ಡಿಬಿ 6, ಬಿಸಿ 15 ಸೆಂ.ಮೀ. ನನಗೆ ಡಿಇ 10 ಬರುತ್ತದೆ, ಕೊಟ್ಟ ಉತ್ತರ 6. ಯಾವುದು ತಪ್ಪು?
— ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ನಿಮ್ಮದೇ ತಪ್ಪು. 4/6 × 15 ಮಾಡಿದ್ದೀರಿ. ಎಡಿ/ಡಿಬಿ ಎಂಬ ಅನುಪಾತ ಥೇಲ್ಸ್ ಪ್ರಮೇಯದ್ದು; ಅದು ಎಇ/ಇಸಿಗೆ ಮಾತ್ರ ಸಮ. ಡಿಇ ಬೇಕೆಂದರೆ ಎಡಿಇ ಮತ್ತು ಎಬಿಸಿ ಎಂಬ ಎರಡು ಸಮರೂಪ ತ್ರಿಭುಜ ಹಿಡಿಯಬೇಕು. ಡಿಬಿ ಎರಡರಲ್ಲಿ ಯಾವ ತ್ರಿಭುಜಕ್ಕೂ ಬಾಹುವಲ್ಲ! ಎಡಿಗೆ ಅನುರೂಪ ಬಾಹು ಪೂರ್ತಿ ಎಬಿ, ಅಂದರೆ 4 + 6 = 10. ಡಿಇ = 4/10 × 15 = 6 ಸೆಂ.ಮೀ. ಬರೆಯದೆಯೂ ಅನುಮಾನ ಬರಬೇಕಿತ್ತು: ಡಿ ಬಿಂದು ಎಬಿಯ ಮಧ್ಯಬಿಂದುವಿಗಿಂತ ಎ ಕಡೆಗಿದೆ, ಹಾಗಾಗಿ ಡಿಇ ಏಳೂವರೆ ದಾಟುವಂತಿಲ್ಲ.

ಪ್ರಶ್ನೆ: ಎಕ್ಸ್² − 4ಎಕ್ಸ್ + 7 = 0 ಬಿಡಿಸಲು ಆಗುತ್ತಿಲ್ಲ.
— ಸೇಡಂ

ಉತ್ತರ: ಸೂತ್ರದಲ್ಲಿ ವರ್ಗಮೂಲದೊಳಗೆ ಬರುವ ಶೋಧಕ 16 − 28 = −12. ವಾಸ್ತವ ಮೂಲಗಳಿಲ್ಲ ಎಂದು ಬರೆದರೆ ಲೆಕ್ಕ ಮುಗಿಯಿತು. ವರ್ಗ ಪೂರ್ಣಗೊಳಿಸಿದರೆ ಕಾರಣವೂ ಕಾಣುತ್ತದೆ: (ಎಕ್ಸ್−2)² = −3, ಯಾವ ವಾಸ್ತವ ಸಂಖ್ಯೆಯ ವರ್ಗವೂ ಋಣವಲ್ಲ. ನಿಮ್ಮ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿದ್ದ 9ನೇ ಶತಮಾನದಲ್ಲಿ, ರಾಜ ಅಮೋಘವರ್ಷನ ಕಾಲದ ಗಣಿತಜ್ಞ ಮಹಾವೀರಾಚಾರ್ಯರು ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಇದೇ ಕಾರಣ ಕೊಟ್ಟು ಹೇಳಿದ್ದರು.

ಪ್ರಶ್ನೆ: 30×40 ಸೈಟಿಗೆ ಪಾಯ ಹಾಕಿಸುತ್ತಿದ್ದೇವೆ. ಗೌಂಡಿ ಮೂಲೆಯಲ್ಲಿ 3-4-5 ಅಡಿ ಹಿಡಿದು ಕಾಟಕೋನ ಸರಿ ಎನ್ನುತ್ತಾನೆ. ನಂಬಬಹುದೇ?
— ಬೀದರ

ಉತ್ತರ: ರೀತಿ ಸರಿ, ಅಳತೆ ಸಣ್ಣದು. 9 + 16 = 25 ಆಗುವುದರಿಂದ ಪೈಥಾಗೊರಸ್ ಪ್ರಮೇಯದ ವಿಲೋಮದಂತೆ ಅದು ಲಂಬಕೋನವೇ. ಆದರೆ ಆ 5 ಅಡಿಯಲ್ಲಿ ಕಾಲು ಇಂಚು ಹೆಚ್ಚುಕಮ್ಮಿಯಾದರೆ 40 ಅಡಿ ಗೋಡೆಯ ತುದಿ ನಾಲ್ಕು ಇಂಚಿಗೂ ಹೆಚ್ಚು ಸರಿಯುತ್ತದೆ. ನಿಮ್ಮ ಸೈಟೇ ಹತ್ತು ಪಟ್ಟಿನ 3-4-5; 30 ಅಡಿಯ ತುದಿಯಿಂದ 40 ಅಡಿಯ ತುದಿಗೆ ಟೇಪು ಹಿಡಿಯಿರಿ, 50 ಅಡಿ ಬರಬೇಕು. ಇಲ್ಲಿ ಅದೇ ಕಾಲು ಇಂಚಿನ ತಪ್ಪಿಗೆ ತುದಿ ಅರ್ಧ ಇಂಚೂ ಸರಿಯುವುದಿಲ್ಲ. 50ಕ್ಕಿಂತ ಹೆಚ್ಚು ಬಂದರೆ ಮೂಲೆ ಬಿಚ್ಚಿಕೊಂಡಿದೆ, ಒಂದು ದಾರದ ತುದಿಯನ್ನು ಒಳಕ್ಕೆ ಎಳೆಯಬೇಕು, ಕಡಿಮೆಯಾದರೆ ಹೊರಕ್ಕೆ. ಆಮೇಲೆ ಎದುರುಬದುರು ಬಾಹುಗಳನ್ನೂ ಇನ್ನೊಂದು ಕರ್ಣವನ್ನೂ ಅಳೆಯಿರಿ. ಬಾಹುಗಳು ಸರಿಯಿದ್ದು ಎರಡೂ ಕರ್ಣ ಸಮ ಬಂದರೆ ನಾಲ್ಕೂ ಮೂಲೆ ಕಾಟಕೋನ. ಅಷ್ಟುದ್ದದ ಟೇಪು ನಡುವೆ ಜೋಲು ಬಿದ್ದರೆ ಅಳತೆ ಹೆಚ್ಚು ತೋರಿಸುತ್ತದೆ, ಬಿಗಿಯಾಗಿ ಎಳೆದೇ ಓದಿ.