ಸನ್ನೆ ಭಾಷೆಯ ಟಿವಿಯನ್ನು ನಡೆಸುವವರು ಯಾರು?

ಕಳೆದ ಸಂಚಿಕೆಯಲ್ಲಿ ಬ್ರಿಟನ್ನಿನ ಸನ್ನೆ ಭಾಷೆಯ ಟಿವಿ ಬಗ್ಗೆ, ಅಂದರೆ ಕಿವುಡರಿಗಾಗಿ ಬ್ರಿಟಿಷ್ ಸನ್ನೆ ಭಾಷೆಯಲ್ಲೇ (ಬಿಎಸ್‌ಎಲ್) ಕಾರ್ಯಕ್ರಮ ತೋರಿಸುವ ಬಿಎಸ್‌ಎಲ್ ಝೋನ್ ಬಗ್ಗೆ, ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರಬಹುದು ಅಂತ ಅಂದುಕೊಂಡಿರಲಿಲ್ಲ. ಕೆಲವಕ್ಕೆ ಇಲ್ಲಿ ಉತ್ತರ ಕೊಡುತ್ತಿದ್ದೇನೆ.

ಪ್ರಶ್ನೆ: ನಾವು ಇರುವುದು ಮ್ಯಾಂಚೆಸ್ಟರ್‌ನಲ್ಲಿ. ಎಂಟು ವರ್ಷದ ಮಗನಿಗೆ ಕಿವಿ ಕೇಳಿಸುವುದಿಲ್ಲ. ಅವನು ಬಿಎಸ್‌ಎಲ್ ಝೋನ್ ತಪ್ಪದೆ ನೋಡುತ್ತಾನೆ. ಅದನ್ನು ನಡೆಸುವವರೂ ಕಿವುಡರೇ ಅಂತ ಅವನ ಟೀಚರ್ ಹೇಳಿದರು. ಹೌದಾ?

ಹೌದು. ಮಗನಿಗೆ ಇದನ್ನು ಖಂಡಿತ ಹೇಳಿ. ಬಿಎಸ್‌ಎಲ್ ಝೋನ್ ಹಿಂದೆ ಇರುವುದು ಬ್ರಿಟಿಷ್ ಸೈನ್ ಲಾಂಗ್ವೇಜ್ ಬ್ರಾಡ್‌ಕಾಸ್ಟಿಂಗ್ ಟ್ರಸ್ಟ್, 2008ರಲ್ಲಿ ಹುಟ್ಟಿದ ಸಂಸ್ಥೆ. ಅದನ್ನು ಕಟ್ಟಿ ನಡೆಸಿದವರಲ್ಲಿ ಮುಖ್ಯರಾದವರು ಟೆರ್ರಿ ರೈಲಿ. ಸ್ವತಃ ಕಿವುಡರು. ಬಿಬಿಸಿಯಲ್ಲಿ 1981ರಲ್ಲಿ ಶುರುವಾದ 'ಸೀ ಹಿಯರ್' ಅನ್ನುವ ಕಿವುಡರ ಕಾರ್ಯಕ್ರಮದಲ್ಲಿ ಪಳಗಿದವರು, ಆಮೇಲೆ ಬ್ರಿಟಿಷ್ ಡೆಫ್ ಅಸೋಸಿಯೇಷನ್ನಿನ ಅಧ್ಯಕ್ಷರೂ ಆಗಿದ್ದರು. ಈಚಿನ ವರ್ಷಗಳಲ್ಲಿ ಟ್ರಸ್ಟನ್ನು ಮುನ್ನಡೆಸಿದ ಕ್ಯಾಥಿ ಹೆಫರ್ನನ್ ಪತ್ರಕರ್ತೆಯಾಗಿದ್ದವರು, ಅವರೂ ಕಿವುಡರೇ.

ಮೇಲಿನ ಕುರ್ಚಿಯಲ್ಲಿ ಯಾರು ಕೂತರೇನು ಅಂತ ಕೆಲವರಿಗೆ ಅನ್ನಿಸಬಹುದು. ಒಂದು ದೃಶ್ಯ ನೆನೆಸಿಕೊಳ್ಳಿ. ಪರದೆ ಮೇಲೆ ಒಬ್ಬ ತಾಯಿ ತನ್ನ ಕಷ್ಟವನ್ನು ಸನ್ನೆಯಲ್ಲಿ ಹೇಳುತ್ತಿದ್ದಾಳೆ, ಕಣ್ಣು ತುಂಬಿ ಬರುತ್ತದೆ. ಕಿವಿ ಕೇಳಿಸುವ ನಿರ್ದೇಶಕ ಏನು ಮಾಡುತ್ತಾನೆ? ಕ್ಯಾಮೆರಾವನ್ನು ಮುಖದ ಹತ್ತಿರ ತರುತ್ತಾನೆ, ಕಣ್ಣೀರು ಕಾಣಲಿ ಅಂತ. ಆಗ ಕೈ ಫ್ರೇಮಿನಿಂದ ಆಚೆ ಹೋಯಿತು. ಅವಳ ಮಾತು ಅರ್ಧಕ್ಕೇ ನಿಂತಿತು! ಕಿವುಡ ನೋಡುಗರಿಗೆ ಅದು, ನಾವು ನೋಡುವಾಗ ಯಾರೋ ಬಂದು ಟಿವಿಯ ಧ್ವನಿ ಆರಿಸಿದ ಹಾಗೆ. ಮಾತಿನ ನಡುವೆ ಮನೆ, ರಸ್ತೆ, ಹಳೇ ಫೋಟೋ ಅಂತ ಬೇರೆ ಚಿತ್ರ ಹಾಕಿದರೂ ಅದೇ ಕಥೆ. ನಮಗಾದರೆ ಹಿಂದಿನಿಂದ ಧ್ವನಿ ಕೇಳುತ್ತಲೇ ಇರುತ್ತದೆ, ಅವರಿಗೆ ಏನೂ ಉಳಿಯುವುದಿಲ್ಲ. ಕೈ ಒಂದೇ ಕಂಡರೂ ಸಾಲದು, ಹುಬ್ಬು, ಬಾಯಿ, ಕೆನ್ನೆ ಎಲ್ಲವೂ ವ್ಯಾಕರಣ. ಸನ್ನೆಯಲ್ಲೇ ಬೆಳೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಅದಕ್ಕೇ ಮುಂದಾಳುಗಳ ಪ್ರಶ್ನೆ ದೊಡ್ಡದು. ಯಾವ ಕಥೆಗೆ ದುಡ್ಡು ಕೊಡಬೇಕು, ಯಾರಿಗೆ ನಿರ್ದೇಶನ ಕೊಡಬೇಕು ಅಂತ ತೀರ್ಮಾನ ಮಾಡುವ ಮೇಜಿನಲ್ಲೇ ಕಿವುಡರು ಇರಬೇಕು. ಈ ಟ್ರಸ್ಟು 'ಝೂಮ್' ಹೆಸರಿನಲ್ಲಿ ಹೊಸ ಕಿವುಡ ನಿರ್ದೇಶಕರಿಗೆ ಕಿರುಚಿತ್ರ ಮಾಡಲು ಅವಕಾಶ ಕೊಟ್ಟಿತು. ನನಗೆ ಇದರಲ್ಲಿ ಜಾಸ್ತಿ ಇಷ್ಟವಾದದ್ದು ಅದೇ. ನಿಮ್ಮ ಮಗನಂಥ ಹುಡುಗ ದೊಡ್ಡವನಾಗಿ ಕ್ಯಾಮೆರಾ ಹಿಂದೆ ನಿಲ್ಲಬೇಕು ಅಂದರೆ, ಆ ಬಾಗಿಲು ಮೊದಲೇ ತೆರೆದಿರಬೇಕು ಅಲ್ವಾ?

ಪ್ರಶ್ನೆ: ಇದಕ್ಕೆಲ್ಲ ದುಡ್ಡು ಎಲ್ಲಿಂದ? ಸರ್ಕಾರ ಕೊಡುತ್ತಾ? (ಚಿತ್ರದುರ್ಗದ ಓದುಗರು)

ಇಲ್ಲ, ಚಾನೆಲ್‌ಗಳೇ ಕೊಡುತ್ತವೆ. ಅಲ್ಲಿ ಪ್ರಸಾರದ ಮೇಲೆ ಕಣ್ಣಿಡುವ ಸಂಸ್ಥೆ ಆಫ್‌ಕಾಮ್. 2003ರ ಕಮ್ಯುನಿಕೇಷನ್ಸ್ ಕಾಯ್ದೆಯ ಅಡಿಯಲ್ಲಿ ಅದು ಒಂದು ನಿಯಮ ಮಾಡಿತು: ದೊಡ್ಡ ಚಾನೆಲ್‌ಗಳು ತಮ್ಮ ಕಾರ್ಯಕ್ರಮಗಳಲ್ಲಿ ಶೇ. 5ರಷ್ಟನ್ನು ಸನ್ನೆ ಭಾಷೆಯ ಜೊತೆ ತೋರಿಸಬೇಕು. ಒಟ್ಟು ನೋಡುಗರಲ್ಲಿ ಶೇ. 1ಕ್ಕಿಂತ ಕಡಿಮೆ ಪಾಲಿರುವ ಸಣ್ಣ ಚಾನೆಲ್‌ಗಳು ತಿಂಗಳಿಗೆ ಇಷ್ಟು ನಿಮಿಷ ಅಂತ ಸನ್ನೆಯಲ್ಲೇ ನಡೆಸಿಕೊಡುವ ಕಾರ್ಯಕ್ರಮ ಹಾಕಬೇಕು, ಶುರುವಿನಲ್ಲಿ ಅದು 30 ನಿಮಿಷ. ಆದರೆ ಎಷ್ಟೋ ಚಾನೆಲ್‌ಗಳು ಒಂದೊಂದೂ ಅರ್ಧ ಗಂಟೆಯ ಕಾರ್ಯಕ್ರಮವನ್ನು ಎಲ್ಲೋ ಒಂದು ಮೂಲೆಯಲ್ಲಿ ಹಾಕಿದರೆ ಕಿವುಡರು ಅದನ್ನೆಲ್ಲ ಹುಡುಕಿಕೊಂಡು ಅಲೆಯಬೇಕು, ಚಾನೆಲ್‌ಗೂ ಅದು ಹೊರೆ. ಹಾಗಾಗಿ ಇನ್ನೊಂದು ದಾರಿ ಬಿಟ್ಟರು. ಬೇಕಿದ್ದರೆ ಆ ಚಾನೆಲ್‌ಗಳು ಟ್ರಸ್ಟಿಗೆ ದುಡ್ಡು ಕೊಡಬಹುದು, ಟ್ರಸ್ಟು ಎಲ್ಲವನ್ನೂ ಒಟ್ಟು ಹಾಕಿ ಒಳ್ಳೆ ಕಾರ್ಯಕ್ರಮ ಮಾಡಿಸುತ್ತದೆ. ಅವು ಫಿಲ್ಮ್4, ಟುಗೆದರ್ ಟಿವಿಯಂಥ ಚಾನೆಲ್‌ಗಳಲ್ಲಿ ಬಂದಿವೆ, ಬಿಎಸ್‌ಎಲ್ ಝೋನ್ ವೆಬ್‌ಸೈಟಿನಲ್ಲೂ ಸಿಗುತ್ತವೆ. ದಾನ ಧರ್ಮದ ಮಾತಲ್ಲ ಇದು. ನಿಯಮದ ದುಡ್ಡು.

ಪ್ರಶ್ನೆ: ಕಿವುಡರಿಗೆ ಓದಲು ಬರುತ್ತದಲ್ಲ, ಕೆಳಗೆ ಅಕ್ಷರ ಹಾಕಿದರೆ ಸಾಲದೇ? (ದಾವಣಗೆರೆಯ ಓದುಗರು)

ಅಕ್ಷರವೂ ಬೇಕು. ವಯಸ್ಸಾದ ಮೇಲೆ ಕಿವಿ ಮಂದವಾದ ನಮ್ಮ ಅಪ್ಪ ಅಮ್ಮಂದಿರಿಗೆ ಅದೇ ಸರಿ. ಆದರೆ ಹುಟ್ಟಿನಿಂದಲೇ ಕೇಳಿಸದವರಿಗೆ ಕನ್ನಡವಾಗಲಿ ಇಂಗ್ಲಿಷಾಗಲಿ ಎರಡನೇ ಭಾಷೆ. ಸನ್ನೆ ಭಾಷೆಗೆ ಅದರದ್ದೇ ವ್ಯಾಕರಣ ಇದೆ, ಕನ್ನಡವನ್ನು ಕೈಯಲ್ಲಿ ಬರೆದು ತೋರಿಸುವುದಲ್ಲ ಅದು. ಇನ್ನೂ ಶಾಲೆಗೆ ಹೋಗದ ಮಗುವಂತೂ ಅಕ್ಷರ ಓದುವುದೇ ಇಲ್ಲ. ಅದಕ್ಕೂ ಕಥೆ ಬೇಡವೇ?

ಪ್ರಶ್ನೆ: ನನ್ನ ತಂಗಿ ಕಿವುಡಿ, ಬಿ.ಕಾಂ. ಓದಿದ್ದಾಳೆ. ನಮ್ಮ ದೇಶದಲ್ಲಿ ಇಂಥದ್ದು ಏನಿದೆ? ಟಿವಿಯ ಮೂಲೆಯಲ್ಲಿ ಸನ್ನೆ ಮಾಡುವವರನ್ನು ತೋರಿಸುವ ಆ ಪುಟ್ಟ ಚೌಕದ ಬಗ್ಗೆ ಅವಳಿಗೆ ಬಹಳ ಸಿಟ್ಟು. (ಶಿವಮೊಗ್ಗದ ಓದುಗರು)

ಅವಳ ಸಿಟ್ಟು ಸರಿಯಾಗಿಯೇ ಇದೆ. ನಮ್ಮ ಚಿಕ್ಕಪ್ಪನ ಮಗಳೂ ಕಿವುಡಿ. ಕೊರೊನಾ ಸಮಯದಲ್ಲಿ ಒಂದು ಸಂಜೆ ಎಲ್ಲರೂ ಟಿವಿ ಮುಂದೆ ಕೂತಿದ್ದೆವು. ಲಾಕ್‌ಡೌನ್ ಸುದ್ದಿ. ಸನ್ನೆ ಮಾಡುವವರು ಮೂಲೆಯಲ್ಲಿ ಇದ್ದರು, ಸರಿ. ಆದರೆ ಕೆಳಗೆ ಓಡುವ ಬ್ರೇಕಿಂಗ್ ನ್ಯೂಸ್ ಪಟ್ಟಿ ಅವರ ಎದೆ ಮಟ್ಟಕ್ಕೇ ಬಂದು ಕೂತಿತ್ತು. ಕೈ ಮೇಲೆದ್ದಾಗ ಬೆರಳು ಕಾಣುತ್ತಿತ್ತು, ಇಳಿದರೆ ಮಾಯ. ಅವಳು ಎದ್ದು ಹೋಗಿ ಟಿವಿಯಿಂದ ಒಂದು ಗೇಣು ದೂರದಲ್ಲಿ ನಿಂತಳು. ಆಮೇಲೆ ನನ್ನ ಕಡೆ ತಿರುಗಿ ಹುಬ್ಬು ಏರಿಸಿದಳು, ಏನಂತೆ ಅಂತ. 'ಆಮೇಲೆ ಹೇಳ್ತೀನಿ' ಅಂತ ಕೈ ಆಡಿಸಿದೆ. ಕಿವುಡರು ತಮ್ಮ ಮನೆಯಲ್ಲೇ ಜೀವನವಿಡೀ ಎಷ್ಟು ಸಲ ಈ 'ಆಮೇಲೆ'ಯನ್ನು ನೋಡಿರುತ್ತಾರೋ! ನಾನು ಆವತ್ತು ಅದನ್ನು ಹೇಳಬಾರದಿತ್ತು.

ಬ್ರಿಟನ್ನಿನಲ್ಲೂ ಆ ಕಾಲದಲ್ಲಿ ಎಲ್ಲ ಸರಿ ಇರಲಿಲ್ಲ. ಅಲ್ಲಿನ ಸರ್ಕಾರ 2020ರಲ್ಲಿ ನಡೆಸಿದ ಎರಡು ಕೊರೊನಾ ಮಾಹಿತಿ ಸಭೆಗಳಿಗೆ ಸನ್ನೆ ಭಾಷೆ ಇರಲಿಲ್ಲ. ಕಿವುಡ ಮಹಿಳೆಯೊಬ್ಬರು ಕೋರ್ಟಿಗೆ ಹೋದರು, ಸರ್ಕಾರ ಮಾಡಿದ್ದು ತಪ್ಪು ಅಂತ 2021ರಲ್ಲಿ ಹೈಕೋರ್ಟ್ ಹೇಳಿತು. ಮರುವರ್ಷವೇ ಬ್ರಿಟಿಷ್ ಸನ್ನೆ ಭಾಷೆಗಾಗಿ ಒಂದು ಕಾಯ್ದೆಯೂ ಬಂತು.

ಇನ್ನು ನಮ್ಮಲ್ಲಿ. ದೂರದರ್ಶನ 1987ರಿಂದಲೇ ಕಿವುಡರಿಗಾಗಿ ವಾರಕ್ಕೊಂದು ಸುದ್ದಿ ಶುರು ಮಾಡಿತ್ತು. 2016ರಲ್ಲಿ ಅಂಗವಿಕಲರ ಹಕ್ಕುಗಳ ಕಾಯ್ದೆ, 2019ರಲ್ಲಿ ಟಿವಿ ಚಾನೆಲ್‌ಗಳಿಗೆ ಸನ್ನೆ ಭಾಷೆ ಮತ್ತು ಅಕ್ಷರಗಳ ಬಗ್ಗೆ ಕೇಂದ್ರದ ಮಾನದಂಡ ಬಂದವು. ದೆಹಲಿಯಲ್ಲಿ 2015ರಿಂದ ಇಂಡಿಯನ್ ಸೈನ್ ಲಾಂಗ್ವೇಜ್ ರಿಸರ್ಚ್ ಅಂಡ್ ಟ್ರೈನಿಂಗ್ ಸೆಂಟರ್ ಇದೆ, ಅವರ ಸನ್ನೆ ನಿಘಂಟಿನಲ್ಲಿ 10,000 ಪದ ಸೇರಿವೆ. 2024ರ ಡಿಸೆಂಬರ್‌ನಲ್ಲಿ, ಟಿವಿಯಲ್ಲಿ ಪಾಠ ಹೇಳಿಕೊಡುವ ಕೇಂದ್ರದ ಯೋಜನೆಯಾದ ಪಿಎಂ ಇ-ವಿದ್ಯಾದ 31ನೇ ಚಾನೆಲ್ಲನ್ನು ಪೂರ್ತಿ ಸನ್ನೆ ಭಾಷೆಗೇ ಅಂತ ತೆರೆದರು. ಖುಷಿಯ ವಿಷಯ. 2011ರ ಜನಗಣತಿ ಪ್ರಕಾರ ಕೇಳಿಸುವ ತೊಂದರೆ ಇರುವವರು 50 ಲಕ್ಷಕ್ಕೂ ಜಾಸ್ತಿ, ಅವರಿಗೆ ಒಂದು ಪಾಠದ ಚಾನೆಲ್ ಎಲ್ಲಿ ಸಾಕಾಗುತ್ತದೆ? ಹಾಸ್ಯ ಬೇಡವೇ, ಅಡುಗೆ, ಕ್ರಿಕೆಟ್ಟು, ಜಗಳ, ಪ್ರೀತಿಯ ಕಥೆ ಬೇಡವೇ? ನಮ್ಮ ಚಾನೆಲ್‌ಗಳಲ್ಲಿ ಕಿವುಡರಿಗೆ ಸಿಗುವುದು ಹೆಚ್ಚೆಂದರೆ ಆ ಮೂಲೆಯ ಚೌಕ. ಅದೂ ಕೇಳಿಸುವವರು ಮಾಡಿದ ಕಾರ್ಯಕ್ರಮಕ್ಕೆ ಅನುವಾದ. ಚೌಕದ ಅಳತೆ ಹೆಚ್ಚಿಸಿ ಅಂತ ಕೇಳುವುದರ ಜೊತೆಗೆ, ಏನು ತೋರಿಸಬೇಕು ಅಂತ ತೀರ್ಮಾನಿಸುವ ಕೆಲಸಕ್ಕೆ ನಿಮ್ಮ ತಂಗಿಯಂಥವರನ್ನು ಕರೆಯಿರಿ ಅಂತಲೂ ಕೇಳಬೇಕು. ಬಿ.ಕಾಂ. ಓದಿದ್ದಾಳೆ, ಲೆಕ್ಕಪತ್ರ ನೋಡಬಲ್ಲಳು, ಯಾವ ಫ್ರೇಮು ಕೆಟ್ಟದ್ದು ಅಂತಲೂ ಅವಳಿಗೆ ಗೊತ್ತು.

ಪ್ರಶ್ನೆ: ಬಿಎಸ್‌ಎಲ್ ಝೋನ್ ಇಲ್ಲಿ ಕೂತು ನೋಡಿದರೆ ನನ್ನ ಸೋದರಳಿಯನಿಗೆ ಅರ್ಥ ಆಗುತ್ತಾ? (ಶಿರಸಿಯ ಓದುಗರು)

ಪೂರ್ತಿ ಆಗುವುದಿಲ್ಲ. ಲೋಕಕ್ಕೆಲ್ಲ ಒಂದೇ ಸನ್ನೆ ಭಾಷೆ ಅನ್ನುವುದು ತಪ್ಪು ತಿಳಿವಳಿಕೆ. ಅಮೆರಿಕದಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಒಂದೇ ಕೈಯಲ್ಲಿ ತೋರಿಸುತ್ತಾರೆ, ಬ್ರಿಟನ್ನಿನಲ್ಲೂ ನಮ್ಮಲ್ಲೂ ಎರಡು ಕೈ ಬೇಕು, ಹಾಗಾಗಿ ಆ ಅಕ್ಷರಗಳಲ್ಲಿ ಹೋಲಿಕೆ ಕಾಣಬಹುದು. ಪದಗಳು, ವಾಕ್ಯಗಳು ಬೇರೆ. ಭಾರತೀಯ ಸನ್ನೆಯಲ್ಲಿ 'ಏನು', 'ಎಲ್ಲಿ' ಅನ್ನುವುದು ವಾಕ್ಯದ ಕೊನೆಗೆ ಬರುತ್ತದೆ, 'ನಿನ್ನ ಹೆಸರು ಏನು' ಅಂತ ನಾವು ಕೇಳುವ ಹಾಗೇ. ಆದರೂ ಒಮ್ಮೆ ತೋರಿಸಿ. ಎಲ್ಲಿ ಅರ್ಥವಾಯಿತು, ಎಲ್ಲಿ ಆಗಲಿಲ್ಲ ಅಂತ ಅವನನ್ನೇ ಕೇಳಿ, ನನಗೆ ಬರೆದು ಕಳಿಸಿ.